ಆರಿಸಬೇಡ

ಡಬ್ಬಿ ಬಂದದ್ದು ಮಂಗಳವಾರ, ಮಟಮಟ ಮಧ್ಯಾಹ್ನ.
ಕೌಲ್ ಬಜಾರಿನ ನಮ್ಮ ಓಣಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿತ್ತು.
ಡೆಲಿವರಿ ಹುಡುಗ ಓಟಿಪಿ ಕೇಳಿದ, ನೀರು ಕೇಳಿದ,
ಎರಡನ್ನೂ ಕೊಟ್ಟೆ.

ಗುಜರಿಯಲ್ಲಿ ಸಿಕ್ಕ ಹಳೇ ಪೆಟ್ಟಿಗೆಗೆ ಒಂದು ಗೇಮಿನ ಕ್ಯಾಸೆಟ್ಟು.
ಎರಡು ಸಾವಿರದ ನಾನೂರು ರೂಪಾಯಿ,
ಅಂದರೆ ಸಾವಿರದ ಇನ್ನೂರು ಜೀನ್ಸಿನ ಸೊಂಟಕ್ಕೆ
ಲೇಬಲ್ ಹೊಡೆದ ದುಡ್ಡು.
ಮಾರಿದವನು ಬರೆದಿದ್ದ: ನೂರಕ್ಕೆ ನೂರು ಒರಿಜಿನಲ್,
ಹಳೇ ಸ್ಟಾಕು, ಸೀಲೂ ಒಡೆದಿಲ್ಲ.

ಮುಕ್ತಾ ಕುಣಿದಳು.
ನಾನು ಹೆಬ್ಬೆರಳು ಆಡಿಸಿದ್ದೇ ತಡ
ಬೆರಳು ಹೇಳಿಬಿಟ್ಟಿತು.
ಚಿತ್ರದ ಅಂಚು ಒಂದು ನೂಲಿನಷ್ಟು ಎಡಕ್ಕೆ.
ಕೆಂಪು ಕೆಂಪಲ್ಲ, ತೊಳೆದ ಕುಂಕುಮ.
ಕಂಪನಿ ಹೆಸರಿನ ಕೊನೇ ಅಕ್ಷರಕ್ಕೆ ಬಾಲ ಗಿಡ್ಡ.
ಹಿಂದಿನ ಸ್ಕ್ರೂ ನಮ್ಮ ಮಿಷನ್ನಿಗೆ ಹಾಕುವಂಥದ್ದೇ,
ಬಿಚ್ಚಿದೆ.
ಒಳಗೆ ಹಸಿರು ಹಲಗೆ, ಅದರ ಮೇಲೊಂದು ಕರೀ ಗಡ್ಡೆ,
ಯಾರೋ ಅವಸರದಲ್ಲಿ ಡಾಂಬರು ಉಗುಳಿದ ಹಾಗೆ.
ಬ್ಯಾಟರಿ ಕೂರಬೇಕಾದ ಕಡೆ
ಬರೀ ಗುಂಡನೆ ಗುರುತು.

ಅಂದರೆ ಇದಕ್ಕೆ ನೆನಪಿಲ್ಲ.
ಆಡಬಹುದು, ಆರು ಕೋಟೆ ಗೆಲ್ಲಬಹುದು,
ಸ್ವಿಚ್ಚು ಆರಿತೋ
ಮತ್ತೆ ಮೊದಲ ಕೋಟೆಯ ಬಾಗಿಲಲ್ಲಿ
ಕೋಲು ಹಿಡಿದು ನಿಲ್ಲಬೇಕು.

ಕಂಪ್ಲೇಂಟ್ ಕೊಟ್ಟೆ.
ಫೋಟೊ ಕಳಿಸಿ ಅಂದರು, ಕಳಿಸಿದೆ.
ಬೇರೆ ಬೆಳಕಲ್ಲಿ ಕಳಿಸಿ ಅಂದರು.
ಮೂರನೇ ದಿನ ಒಬ್ಬಾಕೆಯ ಫೋನು, ದನಿ ಸಕ್ಕರೆ:
“ಸರ್, ಇದು ನಕಲಿ ಅಂತ ನಿಮಗೆ ಹೇಗೆ ಗೊತ್ತಾಯಿತು?”

ಮಿಷನ್ನು ನಿಂತಿತು.
ತೊಡೆಯ ಮೇಲೆ ಅರ್ಧ ಕೂತ ಲೇಬಲ್ಲು,
ಚರ್ಮದಂಥ, ಚರ್ಮವಲ್ಲದ ತುಂಡು.
ಅದರ ಮೇಲೆ ಸಮುದ್ರದಾಚೆಯ ಯಾವುದೋ ಊರು, ಯಾವುದೋ ಇಸವಿ.
ಆ ಇಸವಿಯಲ್ಲಿ ನಮ್ಮ ಮುತ್ತಜ್ಜ
ಬ್ರೂಸ್‌ಪೇಟೆಯಲ್ಲಿ ಪೊಲೀಸರ ಚಡ್ಡಿ ಹೊಲಿಯುತ್ತಿದ್ದ.
ಬಾಲ ಗಿಡ್ಡವಾಗದ ಹಾಗೆ ಅಕ್ಷರ ಕೂರಿಸುವುದು ನನಗೆ ಗೊತ್ತು ಮೇಡಂ,
ಅದಕ್ಕೇ ಯಜಮಾನ ನನ್ನನ್ನು ಬಿಡುವುದಿಲ್ಲ,
ಹೀಗಂತ ಹೇಳಲೇ?
“ನೋಡಿದರೆ ಗೊತ್ತಾಗ್ತದ್ರಿ” ಅಂದೆ.
“ನೋಡಿದರೆ ಅಂದರೆ, ಸರ್?”

ವಾಪಸಿನ ಗಡುವು ಮುಗಿದಿದೆ ಎಂಬ ಮೆಸೇಜು ಸಂಜೆಗೇ ಬಂತು.
ಕೆಳಗೆ ಐದು ಖಾಲಿ ನಕ್ಷತ್ರ,
ನಮ್ಮ ಸೇವೆ ಹೇಗಿತ್ತು.

ಅಲ್ಲ, ನನಗಾದರೂ ಒರಿಜಿನಲ್ಲು ಯಾಕೆ ಬೇಕಿತ್ತು?
ಮೋತಿ ಸರ್ಕಲ್ಲಿನ ಹಿಂದೆ ಎರ್ರಿಸ್ವಾಮಿಯ ಅಂಗಡಿ.
ಮುಂದೆ ಒಗ್ಗರಣಿ ಮಿರ್ಚಿ, ಪರದೆ ಸರಿಸಿದರೆ ಟೀವಿ,
ರೂಪಾಯಿಗೆ ಕಾಲು ಗಂಟೆ.
ಹಳದಿ ಕ್ಯಾಸೆಟ್ಟಿನ ಮೇಲೆ ಬರೆದಿತ್ತು,
ಒಂದರಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ನಾನೂ ಗಾದಿಲಿಂಗನೂ ಇಡೀ ಬೇಸಿಗೆ ಎಣಿಸಿದೆವು,
ಇದ್ದದ್ದು ಏಳು.
ಎಂಟನೆಯದು ಮೊದಲನೆಯದೇ, ಆಕಾಶದ ಬಣ್ಣ ಬೇರೆ.
ಎರ್ರಿಸ್ವಾಮಿ ಅದರ ಬಾಯಿಗೆ ಉಫ್ ಅಂತ ಊದಿ
ತಾಯತ ಕೊಟ್ಟಂತೆ ಕೊಡುತ್ತಿದ್ದ,
ಊದಿದ ಗಾಳಿಗೂ ಮೆಣಸಿನಕಾಯಿ ಘಾಟು.
ಆ ಏಳರಲ್ಲಿ ಒಂದೂ ಅಸಲಿ ಇರಲಿಲ್ಲವಂತೆ,
ಮೊನ್ನೆ ಗೊತ್ತಾಯಿತು.
ಆಗ ನಕ್ಕದ್ದನ್ನು ಈಗ ಯಾರಿಗೆ ವಾಪಸ್ ಮಾಡಲಿ?

ಮುಕ್ತಾ ಅಳಲಿಲ್ಲ. ಅವಳೇ ದಾರಿ ಹುಡುಕಿದಳು:
ಆರಿಸುವುದೇ ಇಲ್ಲ.
ಸಾಲಿಗೆ ಹೋಗುವಾಗ ಟೀವಿ ಮಾತ್ರ ಬಂದ್ ಮಾಡಿ
ಪೆಟ್ಟಿಗೆಯ ಕೆಂಪು ದೀಪದ ಪಕ್ಕ ಚೀಟಿ ಅಂಟಿಸಿದಳು,
ಕೆಟ್ಟುಹೋದ ಒಂದು ಲೇಬಲ್ಲಿನ ಹಿಂಬದಿ:
ಅಪ್ಪಾ ಆರಿಸಬೇಡ. ನಾಕನೇ ಕೋಟ್ಯಾಗ ಅದೀನಿ.

ನಿನ್ನೆ ಒಂದೂವರೆಗೆ ಕರೆಂಟು ಹೋಯಿತು.
ಓಣಿಯ ಅಷ್ಟೂ ಮಿಷನ್ನು ಒಮ್ಮೆಲೇ ಮೂಕ.
ಬಂದ ಮೇಲೆ ಟೀವಿ ಹಚ್ಚಿದೆ.
ಮೊದಲ ಕೋಟೆ, ಬಾಗಿಲು,
ಕೋಲು ಹಿಡಿದ ಪುಟ್ಟ ಆಸಾಮಿ ನನ್ನನ್ನೇ ನೋಡುತ್ತಿದ್ದ.

ಅವಳು ಬರಲು ಇನ್ನು ಎರಡು ತಾಸು.
ಅರವತ್ತು ಪ್ಯಾಂಟು ಬಾಕಿ.
ಕ್ಯಾಸೆಟ್ಟು ಕಿತ್ತು ಉಫ್ ಅಂತ ಊದಿದೆ,
ಮತ್ತೆ ಹಾಕಿದೆ.
ಎರಡನೇ ಕೋಟೆಯಲ್ಲಿ ಸತ್ತೆ, ಮತ್ತೆ ಹೊರಟೆ,
ಮೂರರ ಸೇತುವೆಯಲ್ಲಿ ಸತ್ತೆ.
ನಾಲ್ಕು ಮುಟ್ಟಿಸಬೇಕು,
ಅವಳು ಬಿಟ್ಟುಹೋದ ಅದೇ ಕಂಬದ ಪಕ್ಕ,
ಅದೇ ಕಡೆ ಮುಖ ಮಾಡಿ ನಿಲ್ಲಿಸಬೇಕು,
ಹೊಲಿಗೆ ಕಾಣದ ಹಾಗೆ.